ಹನೂರಿನವನ ಹಳೇ ಲ್ಯಾಪ್‌ಟಾಪ್

ಕಾಮಗೆರೆ ಕಡೆಯ ಮದುವೆಗಳೆಲ್ಲ ಹನೂರಿನ ಆ ಕಿರಿಯ ಫೋಟೋಗ್ರಾಫರನ ಪಾಲಾದಾಗ, 'ಅವನದೇನಿಲ್ಲ, ಎಲ್ಲ ಲ್ಯಾಪ್‌ಟಾಪಿನ ಮಹಿಮೆ' ಎಂದು ಕೊಳ್ಳೇಗಾಲದ ತುಂಬ ಹೇಳಿಕೊಂಡು ತಿರುಗಿದವನು, ಅಲ್ಲಿನ ಹಳೇ ಫೋಟೋಗ್ರಾಫರನಾದ ನಾನು. ಈಗ ಅವನು ಹೊಸದು ಕೊಂಡು, ಅದೇ ಲ್ಯಾಪ್‌ಟಾಪನ್ನು ಮಾರಲಿಟ್ಟಿದ್ದ.

ನೋಡಲು ಹೋಗುವಾಗ ಹೆಂಡತಿಯ ರೇಷ್ಮೆ ಸೀರೆಯನ್ನೂ, ನಾನು ತೆಗೆದ ಅದರ ಫೋಟೋವನ್ನೂ ಒಯ್ದೆ. ನಮ್ಮೂರಿನ ಹೆಂಗಸರು ಆಲ್ಬಂ ಕೈಗೆ ಬಂದೊಡನೆ ಪಕ್ಕದಲ್ಲಿ ಸೀರೆಯಿಟ್ಟು ಬಣ್ಣ ತಾಳೆ ನೋಡುತ್ತಾರೆ. ನಾನೂ ಲ್ಯಾಪ್‌ಟಾಪಿನಲ್ಲಿ ಆ ಫೋಟೋ ತೆರೆದು, ಪರದೆಯ ಪಕ್ಕ ಸೆರಗು ಹಿಡಿದೆ. ಬಣ್ಣ ಒಂದಿಷ್ಟೂ ಆಚೀಚೆಯಿರಲಿಲ್ಲ. ದೊಡ್ಡ ಫೋಟೋಗಳೂ ತಡವರಿಸದೆ ತೆರೆದುಕೊಂಡವು. ಖುಷಿಯಾಗುವ ಬದಲು ಹೊಟ್ಟೆ ಇನ್ನಷ್ಟು ಉರಿಯಿತು.

"ಚೆನ್ನಾಗದಲ್ವಾಣ್ಣ? ತಕಂಡೋಗು," ಎಂದ ಅವನು.

"ಬ್ಯಾಡ ಕಣ್ಲಾ, ಕೀಬೋರ್ಡು ಬಿಗಿ ಅದೆ," ಎಂದು ಸೀರೆ ಮಡಚಿಕೊಂಡೆ.

ಇದನ್ನು ಕೊಂಡ ಮೇಲೂ ನನ್ನ ಫೋಟೋಗಳು ಸಪ್ಪೆಯಾಗಿಯೇ ಬಂದರೆ, ಆಮೇಲೆ ಊರಿಗೆ ಏನೆಂದು ಹೇಳಲಿ?