ಹಳದಿ ಕನ್ನಡಕ ಮತ್ತು ಕುಬಸದ ಸೀರೆ

ಸೀರೆಯ ಅಂಚಿಗೆ ಚಿತ್ತಾರ ಬರೆಯುವುದು ನನ್ನ ಕೆಲಸ. ಪೆನ್ನು, ಕಾಗದ ಏನೂ ಇಲ್ಲ. ಬನಹಟ್ಟಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಚೌಕ ಚೌಕ ತುಂಬುತ್ತ ಹೋಗುವುದು, ಅಷ್ಟೇ. ಬೆಳಿಗ್ಗೆ ಚಹಾ ಕುಡಿದು ಕುಳಿತರೆ ಮಧ್ಯಾಹ್ನದ ಊಟಕ್ಕೆ ಮಗ್ಗಗಳ ಸದ್ದು ನಿಲ್ಲುವವರೆಗೆ ಏಳುವುದಿಲ್ಲ. ಉಳಿದ ಹೊತ್ತಿಗೆ ಮೊಬೈಲು ಇದ್ದೇ ಇದೆ, ವ್ಯಾಪಾರಿಗಳ ಮಾತುಕತೆಯೆಲ್ಲ ಈಗ ಅದರಲ್ಲೇ. ಹೀಗಾಗಿ ಹೋದ ವರ್ಷ ನನ್ನ ಕಣ್ಣುಗಳು ಖಾರದ ಕೈ ತಾಗಿಸಿಕೊಂಡಂತೆ ಉರಿಯತೊಡಗಿದವು.

ಪರದೆಯಿಂದ ಬರುವ ನೀಲಿ ಬೆಳಕೇ ಕಣ್ಣಿನ ವೈರಿ ಎಂದು ಮೊಬೈಲಿನಲ್ಲಿ ಯಾರೋ ಹೇಳುತ್ತಿದ್ದರು. ಕಣ್ಣುಜ್ಜಿಕೊಳ್ಳುತ್ತ ಅದನ್ನು ಪೂರ್ತಿ ನೋಡಿದೆ. ಮರುದಿನವೇ ಜಮಖಂಡಿಯ ಬಸ್ಸು ಹತ್ತಿ ಕನ್ನಡಕದ ಅಂಗಡಿಗೆ ಹೋದೆ. ಅಂಗಡಿಯವರು ಪೆನ್ನಿನಂಥ ಸಣ್ಣ ಬ್ಯಾಟರಿಯಿಂದ ನೀಲಿ ಬೆಳಕು ಬಿಟ್ಟು, ಒಂದೊಂದೇ ಗಾಜನ್ನು ಅಡ್ಡ ಹಿಡಿದು ತೋರಿಸಿದರು.

"ನೋಡ್ರಿ ಅಕ್ಕಾರ, ಈ ತೆಳು ಬಣ್ಣದ್ದು ಸಾಕು ನಿಮಗ," ಎಂದರು.

ಅರ್ಧಂಬರ್ಧ ಕೆಲಸ ನನಗೆ ಆಗಿಬರುವುದಿಲ್ಲ. "ತಡಿಯೂದಾದ್ರ ಪೂರ್ತಿ ತಡೀಲಿ. ಗಟ್ಟಿ ಹಳದಿದಽ ಕೊಡ್ರಿ," ಎಂದೆ. ಮನೆಗೆ ಬಂದು ಮೊಬೈಲಿನ ಪರದೆಯನ್ನೂ ಎಷ್ಟು ಹಳದಿ ಮಾಡಲು ಬರುತ್ತದೋ ಅಷ್ಟು ಮಾಡಿಟ್ಟೆ.

ಅಂದಿನಿಂದ ನನ್ನ ಲೋಕ ಅರಿಷಿಣದ ನೀರಿನಲ್ಲಿ ಅದ್ದಿದಂತೆ ಕಾಣತೊಡಗಿತು. ಯಜಮಾನರಿಗೆ ನಗೆಯೋ ನಗೆ. "ಮುಖಕ್ಕ ಅರಿಷಿಣ ಹಚ್ಚಿದಾಕಿನ್ನ ನೋಡಿದ್ದೆ, ಕಣ್ಣಿಗೆ ಹಚ್ಚಿದಾಕಿನ್ನ ಇವತ್ತಽ ನೋಡಿದ್ನಿ," ಎಂದರು. ಅತ್ತೆಯವರು ಇನ್ನೂ ಒಂದು ಹೆಜ್ಜೆ ಮುಂದೆ. "ನಾ ಈ ವಯಸ್ಸಿನಾಗೂ ಚಸ್ಮಾ ಹಾಕಿಲ್ಲ. ನನ್ನ ಕಣ್ಣ ಗಟ್ಟಿ ಅದಾವ. ನಿಮಗ ಎಲ್ಲಾ ಶೋಕಿ," ಎಂದು ಬಂದವರೆದುರೆಲ್ಲ ಹೇಳುತ್ತಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಗ್ಗರಣೆ ಹಾಕುವಾಗಲೂ ಕನ್ನಡಕ ತೆಗೆಯಲಿಲ್ಲ.

ಅಷ್ಟರಲ್ಲಿ ಮನೆಗೆ ಸಿಹಿ ಸುದ್ದಿ ಬಂತು. ಬೀಳಗಿಗೆ ಕೊಟ್ಟ ನನ್ನ ನಾದಿನಿ ಬಸುರಿಯಾಗಿದ್ದಳು. ಮದುವೆಯಾಗಿ ಬಹಳ ವರ್ಷ ಕಾದಿದ್ದಳು. ಎಲ್ಲರ ಕುಬಸಕ್ಕೂ ಹೋಗಿ ಆರತಿ ಹಾಡು ಹೇಳಿ, ಉಡಿಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಸುಮ್ಮನೆ ಬಸ್ಸು ಹತ್ತುತ್ತಿದ್ದವಳು. ಈಗ ತನ್ನದೇ ಕುಬಸ, ಅದೂ ತವರಿನಲ್ಲಿ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಕೂರಿಸುವ ಆ ದಿನಕ್ಕೆ ಅವಳು ಕೇಳಿದ್ದು ಒಂದೇ.

"ವೈನಿ, ಪ್ಯಾಟಿ ಸೀರಿ ಬ್ಯಾಡ. ಅಂಚು ನೀವು ಬರೀಬೇಕು, ನಮ್ಮೋರ ಮಗ್ಗದಾಗ ನೇಯಿಸಬೇಕು. ಗಿಣಿ ಹಸರು. ನಾ ಎಷ್ಟು ವರ್ಷದಿಂದ ಮನಸಿನಾಗ ಇಟ್ಕೊಂಡೇನಿ."

ಅಂಚಿಗೆ ಕೆಂಪು ಗಿಳಿಗಳ ಸಾಲು ಬರೆದೆ. ನಮ್ಮ ಮನೆಯ ಪವರ್‌ಲೂಮಿನಲ್ಲಿ ವ್ಯಾಪಾರಿಗಳ ಮಾಲು ನಡೆದಿತ್ತು. ಅದಕ್ಕೇ ಚಿಮ್ಮಡದ ನಮ್ಮ ಸಂಬಂಧಿಕರ ಕೈಮಗ್ಗಕ್ಕೆ ಹೇಳಿದೆ. ನೂಲಿಗೆ ಬಣ್ಣ ಹಾಕುವ ರಬಕವಿಯ ಕಾಕಾ ಅಂಗಳದಲ್ಲಿ ಒಣಹಾಕಿದ ನೂಲಿನ ಲಡಿಗಳ ಫೋಟೋ ತೆಗೆದು ಕಳಿಸಿದರು. ಬಿದಿರಿನ ಮೇಲೆ ಸಾಲಾಗಿ ಹತ್ತಾರು ಬಣ್ಣ. ನನ್ನ ಹಳದಿ ಮೊಬೈಲಿನಲ್ಲಿ, ನನ್ನ ಹಳದಿ ಕನ್ನಡಕದಿಂದ ನೋಡಿದರೆ ನಡುವಿನ ಲಡಿ ಎಂಥ ಹಸಿರು! ಆಗಷ್ಟೇ ಮೂಡಿದ ಜೋಳದ ಎಲೆಯಂತೆ. ಅದರ ಮೇಲೆ ಬೆರಳಿಂದ ಸುತ್ತು ಹಾಕಿ, "ಕಾಕಾ, ಇದಽ ಇರ್ಲಿ," ಎಂದು ಕಳಿಸಿಬಿಟ್ಟೆ. ಯಾವುದಕ್ಕೆ, ಏನು ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸೀರೆ ನೇಯ್ದು ಬಂದ ದಿನ ಯಜಮಾನರು ಸೊಲ್ಲಾಪುರಕ್ಕೆ ಹೋಗಿದ್ದರು. ನಾನೂ ಅತ್ತೆಯವರೂ ಚಾಪೆಯ ಮೇಲೆ ಸೀರೆ ಹರವಿ ನೋಡಿದೆವು.

"ಏನ ಹಸರವಾ! ಕಣ್ಣ ತಣ್ಣಗಾದ್ವು," ಎಂದರು ಅತ್ತೆಯವರು. ಸೆರಗಿಗೆ ಕುಂಕುಮ ಹಚ್ಚಿ, ಮಗಳು ಬರುವವರೆಗೆ ಯಾರೂ ಬಿಚ್ಚಕೂಡದು ಎಂದು ಅಪ್ಪಣೆ ಮಾಡಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು.

ಕುಬಸ ಎರಡು ದಿನ ಇದೆ ಎನ್ನುವಾಗ ನಾದಿನಿ ಬಂದಳು. ಕೈಕಾಲು ತೊಳೆದವಳೇ, "ಸೀರಿ ಎಲ್ಲೈತಿ?" ಎಂದಳು. ಅತ್ತೆಯವರು ತಂದು ತೊಡೆಯ ಮೇಲಿಟ್ಟರು. ಅವಳು ಮಡಿಕೆ ಬಿಚ್ಚಿದಳು, ಒಳಮಗ್ಗುಲನ್ನೂ ತಿರುವಿ ನೋಡಿದಳು.

"ವೈನಿ, ಇದು ಹಸರಲ್ಲಲ್ಲ?"

"ಹಸರಽ ಐತಲ್ಲ," ಎಂದೆ.

"ನೀಲಿ ಐತಿ."

"ಹುಚ್ಚಿ ಹಂಗ ಮಾಡಬ್ಯಾಡ, ಹಸರಽ ಐತಿ," ಎಂದರು ಅತ್ತೆಯವರೂ.

ನಾವಿಬ್ಬರೂ ಸೇರಿ ತನ್ನನ್ನು ಚೇಷ್ಟೆ ಮಾಡುತ್ತಿದ್ದೇವೆ ಎಂದು ಮೊದಲು ನಕ್ಕಳು. ನಾವು ನಗದಿದ್ದಾಗ ಅವಳ ಕಣ್ಣು ತುಂಬಿ ಬಂದವು. "ಇಷ್ಟ ವರ್ಷಕ್ಕ ಒಂದಽ ಬೇಡಿದ್ದೆ, ವೈನಿ," ಎಂದಳು. ಅವಳು ಎದ್ದು ಬಂದು ಸೀರೆಯನ್ನು ನನ್ನ ತೊಡೆಯ ಮೇಲೆ ಹಾಕಿ, ಮೂಗಿನ ಮೇಲಿನ ಕನ್ನಡಕ ಕಿತ್ತುಕೊಂಡಳು. ತೊಡೆಯ ಮೇಲಿದ್ದ ಜೋಳದ ಹಸಿರು ಒಮ್ಮೆಲೇ ಮಾಯವಾಗಿ, ಸಾಲೆಯ ಹುಡುಗಿಯರ ಸಮವಸ್ತ್ರದಂಥ ಆಕಾಶ ನೀಲಿ ಕುಳಿತಿತ್ತು. ಅವಳು ಕನ್ನಡಕ ಹಾಕಿಕೊಂಡು ನೋಡಿ, ತೆಗೆದು ನೋಡಿ, ಕಣ್ಣೀರಿನಲ್ಲೇ ನಗತೊಡಗಿದಳು. ನನಗೆ ಮಾತ್ರ ನಗು ಬರಲಿಲ್ಲ, ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಅತ್ತೆಯವರು ಮಾತ್ರ ತಮ್ಮ ಮಾತು ಬಿಡಲಿಲ್ಲ. "ಹಸರಿಗೆ ಹಸರು ಅನ್ನಾಕ ಎಷ್ಟು ಪಂಚಾಯ್ತಿ ನಿಮ್ಮದು!" ಎಂದು ರೇಗಿದರು. ಸೊಸೆಯ ಮಾನ ಉಳಿಸಲು ಸ್ವಂತ ಮಗಳ ಎದುರು ನಿಂತರಲ್ಲ ಎಂದು ನಾನು ಅವರ ಕೈ ಹಿಡಿದುಕೊಂಡೆ. ಮದುವೆಯಾಗಿ ಬಂದಾಗಿನಿಂದ ಅವರು ನನ್ನ ಪಕ್ಷ ವಹಿಸಿದ್ದು ಅದೇ ಮೊದಲು.

ಸೀರೆ ಹಿಡಿದುಕೊಂಡು ರಬಕವಿಗೆ ಓಡಿದೆ. ಕಾಕಾ ನನ್ನ ಕಥೆ ಕೇಳಿ ತಲೆ ಮೇಲೆ ಕೈ ಇಟ್ಟುಕೊಂಡರು.

"ಹೊಸಾದು ನೇಯಾಕ ಎರಡ ದಿನದಾಗ ಆಗೂದಿಲ್ಲವಾ."

ನಾನು ಚೀಲದಿಂದ ಕನ್ನಡಕ ತೆಗೆದು ಅವರ ಕೈಗೆ ಕೊಟ್ಟೆ. "ಹಾಕ್ಕೊಂಡು ನೋಡ್ರಿ ಕಾಕಾ. ಈ ಗಾಜು ನೀಲಿ ಮ್ಯಾಲೆ ಹಳದಿ ಹಾಕಿ ಹಸರು ಮಾಡೈತಿ. ನೀವೂ ಹಂಗಽ ಮಾಡ್ರಿ. ಸೀರಿನಽ ಹಳದಿ ಬಣ್ಣದಾಗ ಅದ್ದಿಬಿಡ್ರಿ."

"ನೇದ ಸೀರಿ ಅದು. ಅಲ್ಲಲ್ಲಿ ಕಲಿ ಬಿದ್ರ? ಅಂಚಿನ ಗಿಣಿ ಕೆಂಪು ಉಳೀಲಿಕ್ಕಿಲ್ಲ ಮತ್ತ."

"ಕೇಸರಿ ಗಿಣಿ ಆಗ್ಲಿ. ಹಸರೊಂದು ಬರ್ಲಿ," ಎಂದೆ.

ಅವರು ಹಂಡೆಯಲ್ಲಿ ಬಣ್ಣ ಕದಡಿ, ಸೀರೆಯನ್ನು ಕೋಲಿನಿಂದ ತಿರುವುತ್ತಿದ್ದಷ್ಟು ಹೊತ್ತೂ ನಾನು ಕುಳಿತುಕೊಳ್ಳಲಿಲ್ಲ. ಒದ್ದೆ ಸೀರೆ ಮೇಲೆ ಬಂದಾಗ ಕಪ್ಪಗೆ ಕಂಡು ಜೀವ ಹಾರಿತು. ಬಿಸಿಲಿಗೆ ಹಾಕಿದರು. ಒಣಗುತ್ತ ಒಣಗುತ್ತ ಅದು ಗಿಳಿ ಹಸಿರಾಯಿತು. ಒಂದು ಮೂಲೆಯಲ್ಲಿ ತುಸು ಕಲೆ ಇತ್ತು, ಅದು ಒಳನೆರಿಗೆಗೆ ಹೋಗುವ ಜಾಗ. ಕಾಕಾ ಕನ್ನಡಕ ವಾಪಸು ಕೊಡುತ್ತ, "ಇನ್ನ ಮ್ಯಾಲೆ ಬಣ್ಣಾ ಆರಿಸಾಕ ಖುದ್ದ ಬರ್ರಿ, ಬರಿಗಣ್ಣಿಲೆ," ಎಂದರು.

ಕುಬಸದ ದಿನ ಆ ಸೀರೆ ಉಟ್ಟು, ಕೈತುಂಬ ಹಸಿರು ಬಳೆ ತೊಟ್ಟು ಕುಳಿತ ನಾದಿನಿಯನ್ನು ನೋಡಿ ನಾನು ಸಂತೋಷದಿಂದ ಅತ್ತೇಬಿಟ್ಟೆ. ಮುತ್ತೈದೆಯರು ಆರತಿ ಎತ್ತಿದರು. ಯಜಮಾನರು ದೂರದಿಂದ, "ಬಣ್ಣಾ ಯಾವ್ದು, ಎಲ್ಲಾರೂ ಒಂದಽ ಹೇಳ್ರಿ!" ಎಂದು ಕೂಗಿ ಮನೆಯನ್ನೆಲ್ಲ ನಗಿಸಿದರು. ಅತ್ತೆಯವರು ಮಾತ್ರ ಮಗಳ ಸೆರಗನ್ನು ಕಣ್ಣ ಹತ್ತಿರ ತಂದು, ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ರಬಕವಿಗೆ ಹೋಗಿ ಏನ ಮಾಡಿಸಿದ್ರಿ? ಫರಕ ಏನಽ ಆಗಿಲ್ಲಲ್ಲ. ಮೊನ್ನೆನೂ ಹಿಂಗಽ ಇತ್ತು."

ನಾದಿನಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಅವರು ನನ್ನ ಪಕ್ಷ ವಹಿಸಿರಲೇ ಇಲ್ಲ. ಅವರಿಗೆ ನಿಜಕ್ಕೂ ಹಾಗೇ ಕಂಡಿತ್ತು, ಕನ್ನಡಕವಿಲ್ಲದೆಯೇ.

ಮರುವಾರ ಅತ್ತೆ ಸೊಸೆ ಇಬ್ಬರೂ ಜಮಖಂಡಿಯ ಕಣ್ಣಿನ ಡಾಕ್ಟರ ಮುಂದೆ ಕುಳಿತೆವು. ಅವರು ಮೊದಲು ನನ್ನನ್ನು ನೋಡಿದರು. ಉರಿಗೆ ಕಾರಣ ನೀಲಿ ಬೆಳಕಲ್ಲ, ಪರದೆ ನೋಡುತ್ತ ನೀವು ರೆಪ್ಪೆ ಬಡಿಯುವುದನ್ನೇ ಮರೆಯುತ್ತೀರಿ, ಕಣ್ಣು ಒಣಗುತ್ತವೆ ಎಂದರು. ನಡುನಡುವೆ ಎದ್ದು ದೂರ ನೋಡಬೇಕಂತೆ, ಮಲಗುವ ಮುಂಚೆ ಮೊಬೈಲು ಬದಿಗಿಡಬೇಕಂತೆ. ಹಾಕಿಕೊಳ್ಳಲು ಹನಿ ಔಷಧಿ ಬರೆದರು. ನನ್ನ ಗಟ್ಟಿ ಹಳದಿಗೆ ಅವರು ಕೊಟ್ಟ ಮರ್ಯಾದೆ ಒಂದು ಸಣ್ಣ ನಗೆ ಮಾತ್ರ. ಆಮೇಲೆ ಅತ್ತೆಯವರ ಕಣ್ಣಿಗೆ ದೀಪ ಬಿಟ್ಟು ನೋಡಿದರು. ಎರಡರಲ್ಲೂ ಪೊರೆ ಬಂದು ಹಣ್ಣಾಗಿ ಹಳದಿಗಟ್ಟಿತ್ತು. ವರ್ಷಗಳಿಂದ ಅವರು ನನಗಿಂತ ಗಟ್ಟಿ ಕನ್ನಡಕ ಹಾಕಿಕೊಂಡೇ ಓಡಾಡುತ್ತಿದ್ದರು, ನಮಗೆ ಕಂಡಿರಲಿಲ್ಲ.

ಆಪರೇಶನ್ ಎಂದ ಕೂಡಲೇ ಹಟ ಹಿಡಿದರು. ಮಗಳ ಒತ್ತಾಯಕ್ಕೆ ಒಂದೇ ಕಣ್ಣಿಗೆ ಒಪ್ಪಿದರು. "ಒಂದು ಸಾಕು, ನಾ ಏನ ಮಗ್ಗಾ ನೇಯಬೇಕಾಗೈತಿ?" ಎಂದರು.

ಪಟ್ಟಿ ಬಿಚ್ಚಿ ಮನೆಗೆ ಬಂದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ಕುಳಿತರು. ನಾದಿನಿ ಬಟ್ಟಲಲ್ಲಿ ಹಾಲು ತಂದು ಕೊಟ್ಟಳು, ಈಗ ಅವಳಿಗೆ ತಿಂಗಳು ತುಂಬುತ್ತ ಬಂದಿತ್ತು. ಅತ್ತೆಯವರು ಹಾಲು ಕುಡಿಯದೆ ಒಂದು ಕಣ್ಣು ಮುಚ್ಚಿದರು, ಅದನ್ನು ತೆರೆದು ಇನ್ನೊಂದು ಮುಚ್ಚಿದರು. ಮತ್ತೆ ಹಾಗೇ ಮಾಡಿದರು.

"ಈ ಕಣ್ಣಿಗೆ ಹಾಲು ಹಾಲಿನಂಗಽ ಐತಿ. ಈ ಕಣ್ಣಿಗೆ ಚಹಾ ಆಗೇತಿ," ಎಂದರು.

ನಾವು ನಕ್ಕೆವು. ಅವರು ನಗಲಿಲ್ಲ. ತಲೆ ಎತ್ತಿ ಮಗಳ ಮುಖವನ್ನು ಅದೇ ರೀತಿ, ಒಂದು ಕಣ್ಣಿನಿಂದ, ಆಮೇಲೆ ಇನ್ನೊಂದರಿಂದ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಡಾಕ್ಟರಿಗೆ ಫೋನ್ ಹಚ್ಚವಾ. ಇದನ್ನೂ ಲಗೂನ ಮಾಡಿಸಿಬಿಡ್ರಿ. ಇಷ್ಟ ವರ್ಷ ಕಾದು ಬರೂ ಕೂಸಿನ್ನ ನಾ ಅರ್ಧಾ ನೋಡಾಕಿ ಅಲ್ಲ."