ಮೇಲಿನ ಮನೆಯ ಎಲ್ಡರ್ ಅಮರಪ್ಪ

ಹೂಡಿಯಲ್ಲಿ ಮುನಿಯಕ್ಕನ ಬಾಯಿಗೆ ಹೆದರದವರಿಲ್ಲ ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆ ಮುನಿಯಕ್ಕ ನಾನೇ. ಗಾರ್ಮೆಂಟ್ಸಿನಲ್ಲಿ ಲೈನ್ ಸೂಪರ್‌ವೈಸರ್ ಆಗಿದ್ದವಳು. ಬಾಯಿ ಇಲ್ಲದಿದ್ದರೆ ಅಲ್ಲಿ ಬೇಳೆ ಬೇಯುತ್ತಿರಲಿಲ್ಲ. ಈಗ ಮೇಲಿನ ಮನೆ ಬಾಡಿಗೆಗೆ ಕೊಟ್ಟು ಕೆಳಗೆ ಒಬ್ಬಳೇ ಇದ್ದೇನೆ. ಆ ಮೇಲಿನ ಮನೆಗೆ ಬಂದವನು ಅಮರಪ್ಪ.

ಮಾರ್ಮನ್ ಸಭೆಯವರು ಮನೆ ಕೇಳಿಕೊಂಡು ಬಂದಾಗ ಅದು ಏನೆಂದೇ ನನಗೆ ಗೊತ್ತಿರಲಿಲ್ಲ. ಯೇಸು ಕ್ರಿಸ್ತನ ಕಡೆಯವರು, ಬೀಡಿ ಇಲ್ಲ, ಕುಡಿತ ಇಲ್ಲ, ಟೀ ಕಾಫಿ ಕೂಡ ಮುಟ್ಟುವುದಿಲ್ಲ ಎಂದರು. ಬ್ಯಾಚುಲರ್ ಹುಡುಗರಲ್ಲಿ ಇಂಥವರೂ ಉಂಟೇ ಎಂದುಕೊಂಡು ಬೀಗದ ಕೈ ಕೊಟ್ಟೆ. ಬಂದವರು ಇಬ್ಬರು. ಬಿಳಿ ಶರ್ಟು, ಟೈ, ಎದೆಯ ಮೇಲೆ ಹೆಸರಿನ ಕಪ್ಪು ಬಿಲ್ಲೆ. ಒಬ್ಬ ರಾಜಮಂಡ್ರಿಯ ಅಂಜನ್, ಇನ್ನೊಬ್ಬ ಲಿಂಗಸುಗೂರು ಕಡೆಯ ಅಮರಪ್ಪ. ಒಬ್ಬರನ್ನೊಬ್ಬರು 'ಎಲ್ಡರ್' ಎಂದು ಕರೆಯುತ್ತಿದ್ದರು. ಹಿರಿಯರು ಅಂತ ಅರ್ಥವಂತೆ. "ಮೀಸೆ ನೆಟ್ಟಗೆ ಚಿಗುರಿಲ್ಲ, ಹಿರಿಯರಂತೆ ಹಿರಿಯರು!" ಎಂದು ನಾನು ರೇಗಿಸಿದರೆ ಅಮರಪ್ಪ ತಾನೂ ನಗುತ್ತಿದ್ದ.

ತಮ್ಮ ಸಭೆಯ ಧರ್ಮ ಸಾರುವ ಎರಡು ವರ್ಷದ ಸೇವೆ. ಸಂಬಳವಿಲ್ಲ, ಊರಿಗೆ ಹೋಗುವ ಹಾಗಿಲ್ಲ. ಒಬ್ಬನನ್ನು ಬಿಟ್ಟು ಇನ್ನೊಬ್ಬ ಎಲ್ಲಿಗೂ ಹೋಗುವ ಹಾಗಿಲ್ಲ. ಮಹಡಿಯ ಮೇಲೆ ಒಣಗಿದ ಬಟ್ಟೆ ತರಲು ಕೂಡ ಇಬ್ಬರೂ ಹೊರಡುತ್ತಿದ್ದರು. ಮನೆ ಮನೆಯ ಬಾಗಿಲು ಬಡಿಯುವುದೂ ಇಲ್ಲ. ಯಾರಾದರೂ ಬನ್ನಿ ಎಂದರೆ ಮಾತ್ರ ಹೋಗಬೇಕು. ಬನ್ನಿ ಎನ್ನುವವರು ಯಾರು? ಟೈ ಕಂಡ ಕೂಡಲೇ ಜನ "ಕ್ರೆಡಿಟ್ ಕಾರ್ಡ್ ಬೇಡ ಗುರು" ಎಂದು ಮುಖ ತಿರುಗಿಸುತ್ತಿದ್ದರು. ಬ್ರೂಕ್‌ಫೀಲ್ಡಿನ ಒಬ್ಬರು ಮನೆಗೆ ಕರೆದು, ಇವರು ಗೇಟಿನಲ್ಲಿ ನಿಂತಿದ್ದಾಗ ಸೆಕ್ಯುರಿಟಿಯವನ ಕೈಯಲ್ಲಿ ಬೇಡ ಎಂದು ಹೇಳಿಸಿದರು. ಮಳೆಯಲ್ಲಿ ನೆನೆದು ಬಂದ ಅಮರಪ್ಪ ವಾರವಿಡೀ ಜ್ವರದಲ್ಲಿ ಮಲಗಿದ್ದ. ನಾನು ರಾಗಿ ಗಂಜಿ ಕಾಯಿಸಿ ಮೇಲೆ ಕೊಟ್ಟು ಬಂದೆ, ಬೈದುಕೊಂಡೇ.

ಒಂದೇ ಒಂದು ಕಡೆ ಅವನ ಮಾತಿಗೆ ಕಿವಿಗೊಟ್ಟಿದ್ದರು. ಲೇಔಟಿನ ಕೊನೆಯಲ್ಲಿ ಕಟ್ಟಡದ ಕೆಲಸದವರ ಶೆಡ್ಡಿನಲ್ಲಿ ಅವನ ಕಡೆಯವರೇ ಆದ ಸಂಗಣ್ಣ ಎಂಬಾತನ ಸಂಸಾರವಿತ್ತು. ಅವರೇ ಕರೆದಿದ್ದರು. ಅಂಜನ್ ಜೊತೆ ವಾರವಾರವೂ ಹೋಗಿ ಬಂದ. ಒಂದು ದಿನ ಹೋದರೆ ಕಟ್ಟಡ ಮುಗಿದಿದೆ, ಶೆಡ್ಡು ಕಿತ್ತಿದ್ದಾರೆ, ಉಳಿದದ್ದು ಒಲೆಯ ಕಲ್ಲು ಮಾತ್ರ. "ಹೇಳದಾಂಗ ಹ್ವಾದ್ರು ಯಕ್ಕಾ" ಎಂದು ನನ್ನ ಮೆಟ್ಟಿಲ ಮೇಲೆ ಕೂತ. ಬಿಟ್ಟು ಬೇರೆ ಕೆಲಸ ನೋಡ್ಕೋ ಎಂದರೆ ತಲೆ ಅಲ್ಲಾಡಿಸಿದ. ಮಾರನೆಯ ಬೆಳಿಗ್ಗೆ ಮತ್ತೆ ಟೈ ಕಟ್ಟಿಕೊಂಡು ಇಳಿದು ಬಂದ.

ಇವೆಲ್ಲ ಅವನನ್ನು ಅಷ್ಟು ನೋಯಿಸಲಿಲ್ಲ. ಅವನನ್ನು ಒಳಗೊಳಗೇ ತಿನ್ನುತ್ತಿದ್ದದ್ದು ಅವನ ಅವ್ವ.

ಸಿದ್ದಕ್ಕ ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತು ಒಬ್ಬಳೇ ಅವನನ್ನು ಸಾಕಿದವಳು. ಅಮರೇಶ್ವರನಿಗೆ ಹರಕೆ ಹೊತ್ತು ಹೆತ್ತ ಮಗ. ಐಟಿಐ ಓದಿ ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಮಷೀನಿನ ಕೆಲಸಕ್ಕೆ ನಿಂತಾಗ ಊರೆಲ್ಲ ಹೇಳಿಕೊಂಡಿದ್ದಳಂತೆ. ಪೀಣ್ಯದಲ್ಲೇ ಅವನು ಈ ಸಭೆಗೆ ಸೇರಿದ್ದು. ಸೇರಿದ ಮೇಲೆ ಅವಳಿದ್ದಲ್ಲಿಗೆ ಹೋದಾಗ ಅವಳು ಆಸೆಯಿಂದ ಚಹಾ ಕಾಸಿ ಮುಂದಿಟ್ಟಳು. ಇವನು ಒಲ್ಲೆ ಎಂದ. ದೇವರು ಬದಲಾಗಿದ್ದನ್ನು ಸಹಿಸಿಕೊಂಡವಳು ಇದನ್ನು ಸಹಿಸಲಿಲ್ಲ. "ನನ್ನ ಕೈಯಾಗಿಂದು ಒಲ್ಲದವ ನನ್ನ ಮಗ ಹೆಂಗಾದಾನು?" ಎಂದು ಚಹಾವನ್ನು ಅಂಗಳಕ್ಕೆ ಚೆಲ್ಲಿದಳು. ಅಂದಿನಿಂದ ಮಾತಿಲ್ಲ.

ಸೋಮವಾರ ಅವರಿಗೆ ಮನೆಗೆ ಫೋನ್ ಮಾಡುವ ದಿನ. ಅಂಜನ್ ತೆಲುಗಿನಲ್ಲಿ ಅವರಮ್ಮನ ಜೊತೆ ಹರಟುತ್ತಿದ್ದರೆ, ಅಮರಪ್ಪನ ಫೋನು ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ಚಂದಾದಾರರು ಉತ್ತರಿಸುತ್ತಿಲ್ಲ ಎಂದು ಅದರೊಳಗಿನ ಹೆಂಗಸು ಕನ್ನಡದಲ್ಲಿ ಹೇಳಿ, ಇಂಗ್ಲಿಷಿನಲ್ಲೂ ಹೇಳಿ ಮುಗಿಸುವ ತನಕ ಅವನು ಕಿವಿಯಿಂದ ತೆಗೆಯುತ್ತಿರಲಿಲ್ಲ.

ಅಷ್ಟರಲ್ಲಿ ಸಿದ್ದಕ್ಕನ ಗ್ಯಾಂಗು ಕೆಲಸಕ್ಕೆಂದು ಸರ್ಜಾಪುರಕ್ಕೇ ಬಂದಿದೆ ಎಂದು ಅವನ ಸೋದರಮಾವನಿಂದ ಗೊತ್ತಾಯಿತು. ಹೂಡಿಗೂ ಸರ್ಜಾಪುರಕ್ಕೂ ಎಷ್ಟು ದೂರ? ಬಸ್ಸು ಹತ್ತಿದರೆ ಆಯಿತು. "ನಿಮ್ ದೊಡ್ಡೋರ್ನ ಕೇಳ್ಕೊಂಡು ಹೋಗ್ಬಾರೋ" ಎಂದೆ. "ಕೇಳಬಹುದು ಯಕ್ಕಾ. ಆದ್ರ ಅಕಿ ಕರೀಬೇಕಲ್ಲ" ಎಂದ. ಆಮೇಲೆ ಮೆಲ್ಲಗೆ, ನಿಮ್ಮ ಫೋನಿನಿಂದ ಒಂದು ಸಲ ಮಾಡಲೇ ಎಂದು ಕೇಳಿದ. ಗುರುತಿಲ್ಲದ ನಂಬರ್, ಅವಳು ಎತ್ತಿಯೇಬಿಟ್ಟಳು. "ಯಾರ್ರೀ?" ಎಂದ ದನಿ ನನಗೂ ಕೇಳಿಸಿತು. ಇವನು "ಯವ್ವಾ" ಎಂದ. ಅಷ್ಟೇ, ಕಟ್. ಅವನು ಫೋನನ್ನು, ನಾವು ಸೆರಗಿನಲ್ಲಿ ಒರೆಸುವ ಹಾಗೆ, ಶರ್ಟಿನಲ್ಲಿ ಒರೆಸಿ ನನ್ನ ಕೈಗಿತ್ತು ಮೇಲೆ ಹೋದ.

ನನಗೆ ತಡೆಯಲಾಗಲಿಲ್ಲ. ನಂಬರ್ ನನ್ನ ಫೋನಿನಲ್ಲೇ ಇತ್ತಲ್ಲ, ಒತ್ತಿದೆ.

"ಏನಮ್ಮಾ, ನೀನು ತಾಯೇನಾ? ನಿನ್ ಮಗ ಇಲ್ಲಿ ದಿನಾ ಒಣಗ್ತಾವ್ನೆ. ಒಂದ್ ಮಾತಾಡುದ್ರೆ ನಿನ್ ಬಾಯಿ ಸವ್ದೋಗ್ತದಾ?"

"ನನ್ನ ಮಗ ಎಂಥಾವ ಅಂತ ನನಗ ಗೊತ್ತೈತಿ. ನೀ ಬಾಡಿಗಿ ತಗೊಂಡು ಸುಮ್ಕಿರು" ಎಂದಳು ಆ ಮಹಾತಾಯಿ. ನನ್ನ ಬಾಯಿಗೇ ಬೀಗ!

"ಸುಮ್ಕಿರಾಕಿಲ್ಲ. ಹೂಡಿಗ್ ಬಂದು ಮುನಿಯಕ್ಕನ ಮನೆ ಎಲ್ಲಿ ಅಂತ ಕೇಳು, ಬೀದಿ ನಾಯಿನೂ ತೋರಿಸ್ತದೆ. ಬಂದು ಕಣ್ಣಾರೆ ನೋಡ್ಕೊಂಡ್ ಹೋಗು" ಎಂದೆ. ಅವಳು ಇಟ್ಟುಬಿಟ್ಟಳು. ಅಲ್ಲಿಗೆ ಕಥೆ ಮುಗಿಯಿತು ಎಂದುಕೊಂಡೆ.

ಆ ಭಾನುವಾರ ಮಧ್ಯಾಹ್ನ ಹುಡುಗರು ಆಗ ತಾನೇ ಸಭೆಯಿಂದ ಬಂದಿದ್ದರು. ಗೇಟಿನಲ್ಲಿ ಒಬ್ಬ ಹೆಂಗಸು. ಇಳಕಲ್ ಸೀರೆ, ಸಿಮೆಂಟು ತಿಂದ ಬೆರಳು, ಕಂಕುಳಲ್ಲಿ ಗಂಟು. ಕೇಳುವುದೇನಿತ್ತು, ಮೂಗು ಥೇಟ್ ಅಮರಪ್ಪನದೇ. ನಾನು ಕೂಗುವ ಮೊದಲೇ ಅವನು ಮೆಟ್ಟಿಲಿಳಿದು ಬಂದು ಅವಳ ಮುಂದೆ ನಿಂತ. ಮುಟ್ಟಲೂ ಧೈರ್ಯವಿಲ್ಲ.

"ಗ್ಯಾಂಗು ಗೋವಾಕ ಹೊಂಟೈತಿ. ಇವತ್ತ ಸಂಜಿಗೇ ಗಾಡಿ" ಎಂದಳು. ನಮ್ಮ ಹಜಾರದಲ್ಲಿ ಕೂತು ಗಂಟು ಬಿಚ್ಚಿದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ನಾನು ತಟ್ಟೆ ಕೊಟ್ಟೆ. ಬಡಿಸಿ ಅವನ ಮುಂದೆ ಸರಿಸಿದಳು. ಅಮರಪ್ಪ ತಟ್ಟೆಯನ್ನೇ ನೋಡುತ್ತ ಕೂತ. ಕೈ ಮುಂದೆ ಹೋಗಲಿಲ್ಲ.

ಅಯ್ಯೋ ದೇವರೇ, ಆಗ ನನಗೆ ನೆನಪಾಯಿತು. ತಿಂಗಳ ಮೊದಲ ಭಾನುವಾರ ಇವರದು ಉಪವಾಸ. ನೀರು ಕೂಡ ಇಲ್ಲ, ಸಂಜೆಯವರೆಗೆ.

"ಯವ್ವಾ, ಸಂಜಿತನಕ..." ಎಂದ. ಸಂಜೆಗೆ ಅವಳೆಲ್ಲಿರುತ್ತಾಳೆ? ಸಿದ್ದಕ್ಕನ ಮುಖ ಕಲ್ಲಾಯಿತು. ಬಟ್ಟೆಯ ತುದಿಗಳನ್ನು ಜೋಡಿಸಿ ಗಂಟು ಕಟ್ಟಲು ಶುರು ಮಾಡಿದಳು. ಈ ಸಲ ಎದ್ದು ಹೋದರೆ ಇವಳು ಮತ್ತೆ ಬರುವವಳಲ್ಲ ಎಂದು ನನಗೆ ಖಾತ್ರಿಯಾಯಿತು. ಅವನಿಗೂ ಆಗಿರಬೇಕು.

"ಅಮ್ಮಾ, ಇವತ್ತು ಉಪವಾಸ. ನಾನು ಕೂಡಾ ತಿಂದಿಲ್ಲ" ಎಂದ ಅಂಜನ್, ತನಗೆ ಬಂದ ಕನ್ನಡದಲ್ಲಿ.

ಸಿದ್ದಕ್ಕನ ಕೈ ನಿಂತಿತು. ಶ್ರಾವಣವೆಲ್ಲ ಒಪ್ಪತ್ತು ಇರುವ ಹೆಂಗಸು. ಚಹಾ ಒಲ್ಲೆ ಎನ್ನುವುದು ಅವಳಿಗೆ ಅರ್ಥವಾಗದಿದ್ದರೂ ಉಪವಾಸ ಅರ್ಥವಾಗದೇ ಇರುತ್ತದೆಯೇ?

"ಉಪಾಸ ಅಂತ ಬಾಯಿ ಬಿಟ್ಟು ಹೇಳಾಕ ಏನಾಗಿತ್ತೋ ನಿನಗ?" ಎಂದು ಮಗನಿಗೆ ಗದರಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: "ಏನು ಬೇಡಿಕೊಂಡು ಉಪಾಸ ಹಿಡಿದಿ?"

ಅಮರಪ್ಪ ತಲೆ ಎತ್ತಲಿಲ್ಲ. "ನೀ ಬರ್ಲಿ ಅಂತ" ಎಂದ. "ತಿಂಗಳಾ ತಿಂಗಳಾ ಇದನ್ನ ಬೇಡೀನಿ."

ಅವಳು ಅರ್ಧ ಕಟ್ಟಿದ ಗಂಟನ್ನು ಮತ್ತೆ ಬಿಚ್ಚಿದಳು, ರೊಟ್ಟಿ ಮುರಿದಳು.

"ಬಂದೀನಲ್ಲೋ" ಎಂದಳು. "ಇನ್ನ ಉಣ್ಣು."

ಅವನು ಕಣ್ಣು ಮುಚ್ಚಿ ಬಾಯೊಳಗೇ ಏನೋ ಪ್ರಾರ್ಥನೆ ಹೇಳಿಕೊಂಡ. ಮುಗಿಯುವ ತನಕ ಅವಳು ತುತ್ತು ಹಿಡಿದು ಕಾದಳು. ಆಮೇಲೆ ಬಾಯಿಗಿಟ್ಟಳು. ಅವನು ಅಳುತ್ತಲೇ ಅಗಿದ. ನಾನೂ ಅತ್ತೆ, ಸುಳ್ಳೇಕೆ. ಜೊತೆಗೆ ಬಾ ಎಂದು ಅವಳು ಕರೆಯಲಿಲ್ಲ. ಬರುತ್ತೇನೆ ಎಂದು ಅವನೂ ಹೇಳಲಿಲ್ಲ. ಅವನ ಸೇವೆ ಇನ್ನೂ ಒಂದು ವರ್ಷ ಬಾಕಿ ಇತ್ತು, ಅವಳ ಗಾಡಿ ಸಂಜೆಗೆ ಹೊರಡುವುದಿತ್ತು. ಹೊತ್ತು ಇಳಿಯುವ ತನಕ ಅವಳು ಒಂದೊಂದೇ ತುತ್ತು ಮುರಿದು ಕೊಡುತ್ತಲೇ ಇದ್ದಳು, ಅವನು ಸಾಕು ಎನ್ನಲಿಲ್ಲ.