ನಡುವಿನ ಜಾಗಕ್ಕೆ ಸಿಕ್ಕ ಫೋಕಸ್

ದೆವ್ವ, ಆತ್ಮ ಎಂದು ಯಾರಾದರೂ ಶುರು ಮಾಡಿದರೆ ಗೇಲಿ ಮಾಡುವವರಲ್ಲಿ ನಾನೇ ಮೊದಲಿಗ. ಹರಿಹರದಲ್ಲಿ ಸ್ಟುಡಿಯೋ ಇಟ್ಟಿದ್ದ ನನಗೆ ಬೆಳಕು, ಲೆನ್ಸು, ಫಿಲ್ಮು ಬಿಟ್ಟು ಬೇರೆ ಮಾಯೆ ಗೊತ್ತಿರಲಿಲ್ಲ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರೆ. ಪರಾಂಬರಿಸಿಯೂ ತಿಳಿಯದೇ ಹೋದದ್ದು ಇದೊಂದೇ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ.

ತೊಂಬತ್ತರ ದಶಕದ ಕೊನೆ. ದಾವಣಗೆರೆಯಲ್ಲಿ ಆಟೋಫೋಕಸ್ ಕ್ಯಾಮೆರಾ ಒಂದನ್ನು ಸೆಕೆಂಡ್ ಹ್ಯಾಂಡಿಗೆ ಕೊಂಡು ವಾರವಾಗಿತ್ತು. ಬಟನ್ ಅರ್ಧ ಒತ್ತಿದರೆ ಲೆನ್ಸು ತಾನೇ ತಿರುಗಿ, ನಟ್ಟನಡುವೆ ಇದ್ದದ್ದನ್ನು ಹಿಡಿದು 'ಪೀಂ' ಎನ್ನುತ್ತಿತ್ತು. ನಡುವೆ ಬರೀ ಬಿಳಿ ಗೋಡೆಯಿದ್ದರೆ ಹಿಡಿಯಲು ಏನೂ ಸಿಗದೆ ಹಿಂದೆ ಮುಂದೆ ಒದ್ದಾಡುತ್ತಿತ್ತು. ಫೋಟೋ ಹೊಡೆಯಲು ಬಿಡುತ್ತಲೇ ಇರಲಿಲ್ಲ.

ಆಗ ಕೊಕ್ಕನೂರಿನಿಂದ ಕರೆ ಬಂತು. ರೈತ ಗಂಡ ಹೆಂಡತಿ. ಆರು ವರ್ಷದ ಮಗಳು ಜ್ವರದಲ್ಲಿ ತೀರಿಕೊಂಡು ಕೆಲವೇ ತಿಂಗಳಾಗಿತ್ತು. ಮೂವರೂ ಒಟ್ಟಿಗಿರುವ ಫೋಟೋ ಮನೆಯಲ್ಲಿ ಒಂದೂ ಇರಲಿಲ್ಲ. ಆ ತಾಯಿಗೆ ಅದೊಂದು ಬೇಕಿತ್ತು. ನಡುವೆ ಜಾಗ ಬಿಟ್ಟು ಇಬ್ಬರನ್ನು ತೆಗೆದು, ಮಗುವಿನ ಶಾಲೆಯ ಫೋಟೋ ಕತ್ತರಿಸಿ ಅಲ್ಲಿ ಅಂಟಿಸಿ, ಮತ್ತೆ ಕಾಪಿ ತೆಗೆಯುವುದು ನಮ್ಮ ಕಸುಬಿನಲ್ಲಿ ಮಾಮೂಲು.

ಮಧ್ಯಾಹ್ನ, ಸುಣ್ಣ ಬಳಿದ ಗೋಡೆಯ ಮುಂದೆ ನಡುವೆ ಜಾಗ ಬಿಟ್ಟು ಎರಡು ಕುರ್ಚಿ ಹಾಕಿಸಿದೆ. ಮೊದಲು ಒಬ್ಬರ ಮುಖದ ಮೇಲೆ ಫೋಕಸ್ ಹಿಡಿದಿಟ್ಟುಕೊಳ್ಳಬೇಕಿತ್ತು. ಹೊಸ ಕ್ಯಾಮೆರಾ, ಮರೆತೆ. ಅದರ ನಡು ನೇರ ಖಾಲಿ ಜಾಗಕ್ಕಿತ್ತು. ಒದ್ದಾಡಬೇಕಿದ್ದ ಲೆನ್ಸು ತಟ್ಟನೆ ನಿಂತು 'ಪೀಂ' ಎಂದಿತು. ಲೆನ್ಸಿನ ಮೇಲೆ ದೂರ ತೋರಿಸುವ ಅಂಕಿ ನೋಡಿದೆ: ಏಳು ಅಡಿ. ಗೋಡೆಯಿದ್ದದ್ದು ಹನ್ನೆರಡು ಅಡಿಗೆ. ಏಳು ಅಡಿಗೆ ಇದ್ದದ್ದು ಅವರು ಕೂತಿದ್ದ ಸಾಲು.

ಪಕ್ಕದ ಗೋಡೆಗೆ ತಿರುಗಿಸಿದೆ, ಒದ್ದಾಡಿತು. ಮತ್ತೆ ನಡುವಿಗೆ ತಂದೆ, ಹಿಡಿಯಿತು. ಮೂರು ಸಲವೂ ಹೀಗೇ. ಎಲ್ಲ ಅರೆನಿದ್ದೆಯಲ್ಲಿ ನಡೆದಂತಿತ್ತು. ಅಂಗಳದ ಕೋಳಿಗಳ ಸದ್ದೂ ಎಲ್ಲೋ ದೂರ ಸರಿದಿತ್ತು. ಹೆದರಿಕೆಯಾಗಲಿಲ್ಲ. ನಿಜ ಹೇಳಬೇಕೆಂದರೆ, ಕಣ್ಣು ತುಂಬಿತು.

"ಯಾಕ್ರಿ, ಏನಾತು?" ಎಂದ ಗಂಡ.

"ಏನಿಲ್ರಿ, ಹಂಗೇ ಕೂಡ್ರಿ" ಎಂದು ಹೊಡೆದೆ.

ಪ್ರಿಂಟಿನಲ್ಲಿ ಇಬ್ಬರೂ ಸ್ಪಷ್ಟವಾಗಿ ಬಂದಿದ್ದರು, ನಡುವೆ ಬರೀ ಗೋಡೆ. ಸೆರಗಿನ ಅಂಚೇನಾದರೂ ಅಡ್ಡ ಬಂದಿತ್ತೇ ಎಂದು ಭೂತಗನ್ನಡಿ ಹಿಡಿದು ಹುಡುಕಿದೆ. ಇರಲಿಲ್ಲ. ಕ್ಯಾಮೆರಾ ಕೆಟ್ಟಿತ್ತು ಎನ್ನೋಣವೆಂದರೆ ಆಮೇಲೆ ವರ್ಷಗಟ್ಟಲೆ ದುಡಿಯಿತು, ಹಾಗೆ ಇನ್ನೊಮ್ಮೆ ಮಾಡಲಿಲ್ಲ.

ನಾಲ್ಕು ದಿನ ಬಿಟ್ಟು ಪ್ರಿಂಟ್ ಒಯ್ದು ತೋರಿಸಿ, ಅಂಟಿಸಲು ಶಾಲೆಯ ಫೋಟೋ ಕೇಳಿದೆ. ಅಂದು ನಡೆದದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆ ತಾಯಿ ಪ್ರಿಂಟನ್ನು ಬಹಳ ಹೊತ್ತು ನೋಡಿದಳು.

"ಬ್ಯಾಡ್ರಿ" ಎಂದಳು. "ಮೂರೂ ಜನ ಬಂದೀವಿ. ಇದನ್ನೇ ಕೊಡ್ರಿ."